ಲಿನಕ್ಸ್ ಹಾಕಿದ ಮೇಲೆ ಮುಖ ಅಗಲ ಕಂಡರೆ

"ಅಕ್ಕಾರ, ಈ ಫೋಟೋದಾಗ ನನ್ನ ಮಾರಿ ಯಾಕ್ರಿ ಇಷ್ಟ್ ಅಗಲ ಕಾಣತೈತಿ? ಮೊಬೈಲ್‌ನ್ಯಾಗ ಚಲೋನ ಐತಲ್ರಿ."

ಕಾರಟಗಿಯ ಡಿಗ್ರಿ ಹುಡುಗ ಒಬ್ಬ ತನ್ನ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ ಮಾತು ಇದು. ಸ್ಕಾಲರ್‌ಶಿಪ್ ಅರ್ಜಿಗೆ ಫೋಟೋ ಕತ್ತರಿಸಲು ಕೂತಿದ್ದ. ಹಿಂದಿನ ರಾತ್ರಿ ಪೆನ್‌ಡ್ರೈವ್‌ನಿಂದ ತಾನೇ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದ. ವಿಂಡೋಸ್ ಥರ ಅದೂ ಒಂದು ಆಪರೇಟಿಂಗ್ ಸಿಸ್ಟಮ್. ಫೋಟೋ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಸ್ಕ್ರೀನ್‌ನಲ್ಲಿ.

ಗಂಗಾವತಿ ಬಸ್ ನಿಲ್ದಾಣದ ಹತ್ತಿರ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಆಮೇಲೆ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು ಬರುವ ಹುಡುಗರು, ಹುಡುಗಿಯರು ಜಾಸ್ತಿಯಾಗಿದ್ದಾರೆ. ನನಗೆ ಇದರಿಂದ ತುಂಬಾ ಖುಷಿ. ಎಂಟು ಹತ್ತು ವರ್ಷದ ಯಂತ್ರ ಗುಜರಿಗೆ ಹೋಗುವ ಬದಲು ಓದಿಗೆ ಬರುತ್ತದೆ. ಆದರೆ ಕೆಲವರು ಮೊದಲ ದಿನವೇ ಸ್ಕ್ರೀನ್ ಸರಿ ಬರದೆ ಬೇಜಾರಾಗಿ ಲಿನಕ್ಸ್ ಬಿಟ್ಟೇಬಿಡುತ್ತಾರೆ. ಅದು ನನಗೆ ನಿಜವಾಗಲೂ ನೋವಾಗುತ್ತದೆ. ಅರ್ಧ ಗಂಟೆಯಲ್ಲಿ ಸರಿಹೋಗುವ ವಿಷಯ ಅದು.

ಶುರು ಮಾಡುವ ಮುಂಚೆ ಒಂದು ಮಾತು. ಟರ್ಮಿನಲ್ ಅಂದರೆ ಕಂಪ್ಯೂಟರ್‌ಗೆ ಬರೆದು ಅಪ್ಪಣೆ ಕೊಡುವ ಕಿಟಕಿ. ಅದರಲ್ಲಿ ಕಮಾಂಡ್ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. ನಾನು ದಿನಾ ಫೋನಿನಲ್ಲಿ ಹುಡುಗರಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ. ಇಲ್ಲೂ ಹಾಗೇ ಬರೆಯುತ್ತೇನೆ. ಅಡ್ಡಗೆರೆ ಅಂದರೆ ಸೊನ್ನೆಯ ಪಕ್ಕದ ಕೀಲಿಯಲ್ಲಿರುವ ಚಿಕ್ಕ ಗೆರೆ. ಓರೆಗೆರೆ ಅಂದರೆ ಪ್ರಶ್ನೆ ಚಿಹ್ನೆಯ ಕೀಲಿಯಲ್ಲೇ ಇರುವ ವಾಲಿದ ಗೆರೆ. ಬೇರೆ ಹೇಳದಿದ್ದರೆ ಎಲ್ಲವೂ ಸ್ಮಾಲ್ ಲೆಟರ್. ಮೆನು ಹೆಸರುಗಳು ಮಿಂಟ್‌ನವು. ಕಮಾಂಡ್‌ಗಳು ಮಿಂಟ್, ಉಬುಂಟು, ಡೆಬಿಯನ್ ಅನ್ನುವ ಮೂರು ಬಗೆಯ ಲಿನಕ್ಸ್‌ಗೂ ಹೊಂದುತ್ತವೆ.

ಅಳತೆ ತಪ್ಪಿದೆಯಾ ಅಂತ ಮೊದಲು ನೋಡಿ

ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿದ್ದದ್ದು 1366×768ರ ಸ್ಕ್ರೀನ್. ಅಡ್ಡಕ್ಕೆ 1366 ಚುಕ್ಕಿ, ಮೇಲಿಂದ ಕೆಳಕ್ಕೆ 768 ಚುಕ್ಕಿ. ಲಿನಕ್ಸ್ ಅದಕ್ಕೆ 1024×768ರ ಚಿತ್ರ ಕಳಿಸುತ್ತಿತ್ತು. ಎತ್ತರ ಎರಡರಲ್ಲೂ ಒಂದೇ. ಅಗಲ ಮಾತ್ರ 1024ರಿಂದ 1366ಕ್ಕೆ ಹಿಗ್ಗಬೇಕು. ಮೂರು ಮೊಳದ ಬಟ್ಟೆಯನ್ನು ನಾಲ್ಕು ಮೊಳಕ್ಕೆ ಎಳೆದ ಹಾಗೆ. ಮುಖವೂ ಅದೇ ಲೆಕ್ಕದಲ್ಲಿ ಹಿಗ್ಗಿತ್ತು.

ನಿಮ್ಮದು ಹೇಗಿದೆ ಅಂತ ತಿಳಿಯಲು ಸ್ಕೇಲ್ ಒಂದು ಸಾಕು. ಲಿಬ್ರೆಆಫೀಸ್ ಡ್ರಾ ತೆಗೆದು, ಶಿಫ್ಟ್ ಕೀಲಿ ಒತ್ತಿ ಹಿಡಿದು ಒಂದು ವೃತ್ತ ಬರೆಯಿರಿ. ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ಅಡ್ಡ ಅಳೆಯಿರಿ, ಉದ್ದ ಅಳೆಯಿರಿ. ಎರಡೂ ಒಂದೇ ಬರಬೇಕು. ಅಡ್ಡ 8 ಸೆಂಟಿಮೀಟರ್, ಉದ್ದ 6 ಬಂತು ಅಂದರೆ ಆ ಹುಡುಗನ ಕತೆಯೇ ನಿಮ್ಮದೂ.

ಇನ್ನೊಂದು ಪರೀಕ್ಷೆ ಕನ್ನಡದವರಿಗೆ ಮಾತ್ರ ಸಿಗುವಂಥದ್ದು. ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡದಲ್ಲಿ 'ರಾಷ್ಟ್ರ' ಅಂತ ಬರೆಯಿರಿ. ಅಕ್ಷರ ದೊಡ್ಡದು ಮಾಡಬೇಡಿ, ಮಾಮೂಲಿ ಸೈಜ್‌ನಲ್ಲೇ ಇರಲಿ. ಈಗ ಷ ಅಕ್ಷರದ ಕೆಳಗೆ ನೋಡಿ. ಟ ಒತ್ತು ಬೇರೆ, ರ ಒತ್ತು ಬೇರೆ ಅಂತ ಬಿಡಿಬಿಡಿಯಾಗಿ ಕಾಣಬೇಕು. ಎರಡೂ ಸೇರಿ ಮಸಿ ಚೆಲ್ಲಿದ ಹಾಗೆ ಇದ್ದರೆ, ಸ್ಕ್ರೀನ್‌ಗೆ ಅದರ ಸ್ವಂತ ಅಳತೆಯ ಚಿತ್ರ ಹೋಗುತ್ತಿಲ್ಲ. ಎಲ್‌ಸಿಡಿಯಲ್ಲಿ ಚುಕ್ಕಿಗಳ ಲೆಕ್ಕ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಬೇರೆ ಅಳತೆ ಕೊಟ್ಟರೆ ಒಂದು ಚುಕ್ಕಿಯ ಬಣ್ಣವನ್ನು ಪಕ್ಕದ ಚುಕ್ಕಿಗೂ ಹಂಚಬೇಕಾಗುತ್ತದೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮ ಒತ್ತಕ್ಷರದಲ್ಲಿ ತಕ್ಷಣ ಗೊತ್ತಾಗುತ್ತದೆ. ಲಗ್ನಪತ್ರಿಕೆ ಪ್ರೂಫ್ ನೋಡುವ ನನ್ನಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಇದಾದ ಮೇಲೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಗೆ ಹೋಗಿ ರೆಸಲ್ಯೂಷನ್, ಅಂದರೆ ಈ ಅಳತೆಗಳ ಪಟ್ಟಿ ತೆರೆಯಿರಿ. ಸರಿಯಾದ ಅಳತೆ ಅಲ್ಲೇ ಇದ್ದರೆ ಆರಿಸಿ, ಅಪ್ಲೈ ಒತ್ತಿ. ಅಲ್ಲಿಗೆ ಮುಗಿಯಿತು. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಮಾತ್ರ ಮುಂದೆ ಓದಿ.

ಸ್ಕ್ರೀನ್ ನಡೆಸುತ್ತಿರುವುದು ಯಾರು?

ಪಟ್ಟಿಯಲ್ಲಿ ಅಳತೆ ಕಾಣಲಿಲ್ಲ ಅಂದ ಕೂಡಲೇ ಹೆಚ್ಚಿನವರು ಯಾವುದೋ ವಿಡಿಯೋ ನೋಡಿ, ಅಳತೆಯನ್ನು ಬಲವಂತವಾಗಿ ಸೇರಿಸುವ ಕಮಾಂಡ್ ಹೊಡೆಯುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ರೈತರನ್ನು ನೋಡಿ. ಗದ್ದೆಗೆ ನೀರು ಬರದಿದ್ದರೆ ಗದ್ದೆ ಅಗೆಯುತ್ತಾರಾ? ಮೊದಲು ಹೋಗಿ ತೂಬು ನೋಡುತ್ತಾರೆ. ಇಲ್ಲಿ ತೂಬು ಅಂದರೆ ಗ್ರಾಫಿಕ್ಸ್ ಡ್ರೈವರ್, ಸ್ಕ್ರೀನ್‌ಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್.

ಪ್ರತಿ ಸ್ಕ್ರೀನ್‌ನ ಒಳಗೆ ಒಂದು ಚಿಕ್ಕ ಮಾಹಿತಿ ಚೀಟಿ ಇರುತ್ತದೆ. ಅದಕ್ಕೆ ಇಡಿಐಡಿ ಅಂತಾರೆ. 'ನನ್ನ ಅಳತೆ ಇಷ್ಟು' ಅಂತ ಅದರಲ್ಲಿ ಬರೆದಿರುತ್ತದೆ. ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿ ಪಟ್ಟಿ ತಯಾರಿಸುತ್ತದೆ. ಡ್ರೈವರ್ರೇ ಓಡದಿದ್ದರೆ ಚೀಟಿ ಓದುವವರು ಯಾರೂ ಇಲ್ಲ. ಆಗ ಲಿನಕ್ಸ್ ಬೂಟ್ ಆಗುವಾಗ ಸಿಕ್ಕ ಅಳತೆಯಲ್ಲೇ ನಿಂತುಬಿಡುತ್ತದೆ. 800×600 ಅಥವಾ 1024×768 ಬರುವುದು ಹೀಗೆ.

ಡ್ರೈವರ್ ಓಡುತ್ತಿಲ್ಲ ಅನ್ನುವುದಕ್ಕೆ ಬೇರೆ ಗುರುತುಗಳೂ ಇವೆ. ಬ್ರೈಟ್‌ನೆಸ್ ಕೀಲಿ ಕೆಲಸ ಮಾಡುವುದಿಲ್ಲ. ವಿಂಡೋ ಎಳೆದರೆ ತಡವರಿಸುತ್ತದೆ. ಸುಮ್ನೆ ಇದ್ದರೂ ಫ್ಯಾನ್ ಓಡುತ್ತಲೇ ಇರುತ್ತದೆ, ಯಾಕೆಂದರೆ ಚಿತ್ರ ಬಿಡಿಸುವ ಕೆಲಸ ಪೂರ್ತಿ ಪ್ರೊಸೆಸರ್ ಮೇಲೆ ಬಿದ್ದಿರುತ್ತದೆ. ಮಿಂಟ್ ಸಿನಮನ್‌ನಲ್ಲಿ 'ಸಾಫ್ಟ್‌ವೇರ್ ರೆಂಡರಿಂಗ್ ಮೋಡ್' ಅಂತ ಎಚ್ಚರಿಕೆಯೂ ಬರುತ್ತದೆ. ಅದನ್ನು ನೋಡಿ ಮುಚ್ಚಿಬಿಡಬೇಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಈ ಸ್ಥಿತಿಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಳ್ಳಲೂ ಆಗುವುದಿಲ್ಲ.

ಈಗ ಟರ್ಮಿನಲ್ ತೆರೆಯಿರಿ. ಎಲ್-ಎಸ್-ಪಿ-ಸಿ-ಐ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು, ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಕೊಂಡು ಕೆ ಬರೆಯಿರಿ. ಎಂಟರ್. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ 'ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್' ಅನ್ನುವ ಸಾಲು ಹುಡುಕಿ. ಅದರ ಮುಂದೆ ಇಂಟೆಲ್, ಎಎಂಡಿ, ಎನ್‌ವಿಡಿಯಾ ಯಾವುದು ಅಂತ ಇರುತ್ತದೆ. ನಮಗೆ ಬೇಕಾದ್ದು ಅದರ ಕೆಳಗಿನ ಸಾಲುಗಳು.

'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನುವ ಸಾಲು ಇದೆಯಾ? ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಇಂಟೆಲ್ ಆದರೆ ಅದರ ಮುಂದೆ ಐ915 ಅಂತ ಇರಬೇಕು. ತೀರಾ ಹೊಸ ಇಂಟೆಲ್‌ನಲ್ಲಿ ಎಕ್ಸ್-ಇ ಅಂತಲೂ ಇರಬಹುದು. ಎಎಂಡಿಗೆ ಎಎಂಡಿಜಿಪಿಯು, ಹಳೇ ಎಎಂಡಿ ಆದರೆ ರೇಡಿಯಾನ್. ಎನ್‌ವಿಡಿಯಾಗೆ ನೋವೋ ಅಥವಾ ಎನ್‌ವಿಡಿಯಾ. ಈ ಸಾಲು ಇದ್ದರೆ ತೂಬು ತೆರೆದಿದೆ ಅಂತ ಅರ್ಥ.

ಆ ಹುಡುಗನದರಲ್ಲಿ ಈ ಸಾಲು ಇರಲಿಲ್ಲ. ಆದರೆ ಅದರ ಕೆಳಗೆ ಬರಬೇಕಾದ 'ಕರ್ನಲ್ ಮಾಡ್ಯೂಲ್ಸ್: ಐ915' ಮಾತ್ರ ಇತ್ತು. ಇದನ್ನು ಸರಿಯಾಗಿ ಗಮನಿಸಿ. ಡ್ರೈವರ್ ಕಂಪ್ಯೂಟರ್‌ನಲ್ಲೇ ಇದೆ, ಆದರೆ ಕೆಲಸಕ್ಕೆ ಇಳಿದಿಲ್ಲ. ಅಂದರೆ ಯಾರೋ ತಡೆದಿದ್ದಾರೆ. ಹೊಸ ಡ್ರೈವರ್ ಹುಡುಕುವುದು ಬೇಕಿಲ್ಲ, ತಡೆ ತೆಗೆದರೆ ಸಾಕು.

ನೋಮೋಡ್‌ಸೆಟ್ ಅನ್ನುವ ಬೀಗ

ತಡೆಯುವವರಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ನೋಮೋಡ್‌ಸೆಟ್ ಅನ್ನುವ ಒಂದೇ ಒಂದು ಪದ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಸ್ಕ್ರೀನ್ ಕಪ್ಪಾದರೆ ನಾವು ಮಿಂಟ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್, ಉಬುಂಟುವಿನಲ್ಲಿ ಸೇಫ್ ಗ್ರಾಫಿಕ್ಸ್ ಆರಿಸುತ್ತೇವಲ್ಲ, ಆ ಸಾಲಿನ ಒಳಗೆ ಈ ಪದ ಇರುತ್ತದೆ. 'ಗ್ರಾಫಿಕ್ಸ್ ಡ್ರೈವರ್ ಮುಟ್ಟಬೇಡ' ಅಂತ ಅದರ ಅರ್ಥ. ಇನ್‌ಸ್ಟಾಲ್ ಮುಗಿಸುವ ತನಕ ಅದು ಉಪಕಾರಿ. ಆದರೆ ಕೆಲವೊಮ್ಮೆ ಇನ್‌ಸ್ಟಾಲ್ ಆದ ಮೇಲೂ ಅದು ಸೆಟ್ಟಿಂಗ್‌ನಲ್ಲಿ ಉಳಿದುಬಿಡುತ್ತದೆ. ಇಲ್ಲವೇ ಯಾರೋ ಹೇಳಿದರು ಅಂತ ನಾವೇ ಸೇರಿಸಿ ಮರೆತಿರುತ್ತೇವೆ.

ಇದೆಯಾ ಇಲ್ಲವಾ ಅಂತ ನೋಡಲು: ಸಿ-ಎ-ಟಿ, ಸ್ಪೇಸ್, ಓರೆಗೆರೆ, ಪಿ-ಆರ್-ಒ-ಸಿ, ಓರೆಗೆರೆ, ಸಿ-ಎಂ-ಡಿ-ಎಲ್-ಐ-ಎನ್-ಇ. ಎಂಟರ್ ಒತ್ತಿದರೆ ಒಂದೇ ಸಾಲು ಬರುತ್ತದೆ. ಅದರ ಕೊನೆ ಕಡೆ ಎನ್-ಒ-ಎಂ-ಒ-ಡಿ-ಇ-ಎಸ್-ಇ-ಟಿ ಇದ್ದರೆ ಸಿಕ್ಕಿತು.

ಶಾಶ್ವತವಾಗಿ ತೆಗೆಯುವ ಮುಂಚೆ ಒಂದು ಸಲಕ್ಕೆ ಮಾತ್ರ ತೆಗೆದು ನೋಡಿ. ನಾನು ಇದನ್ನು ಯಾವತ್ತೂ ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೊ ಬಂದ ಕೂಡಲೇ ಎಸ್ಕೇಪ್ ಕೀಲಿ ಒಂದೆರಡು ಸಲ ಒತ್ತಿ. ಹಳೇ ಬಯಾಸ್ ಯಂತ್ರ ಆದರೆ ಶಿಫ್ಟ್ ಒತ್ತಿ ಹಿಡಿಯಿರಿ. ಲಿನಕ್ಸನ್ನು ಶುರು ಮಾಡಿಸುವ ಗ್ರಬ್‌ನ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ಇದ್ದಾಗ ಇ ಅಕ್ಷರ ಒತ್ತಿ. ಲಿನಕ್ಸ್ ಅನ್ನುವ ಪದದಿಂದ ಶುರುವಾಗುವ ಉದ್ದ ಸಾಲಿಗೆ ಹೋಗಿ, ನೋಮೋಡ್‌ಸೆಟ್ ಒಂದನ್ನೇ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಈ ಒಂದು ಬೂಟ್‌ಗೆ ಮಾತ್ರ. ಕೆಟ್ಟರೂ ಮತ್ತೆ ರೀಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಇರುತ್ತದೆ. ಹೆದರಬೇಕಾಗಿಲ್ಲ.

ಸರಿಯಾಗಿ ಬಂತಾ? ಈಗ ಶಾಶ್ವತ ಮಾಡೋಣ. ಟರ್ಮಿನಲ್‌ನಲ್ಲಿ ಎಸ್-ಯು-ಡಿ-ಒ, ಸ್ಪೇಸ್, ಎನ್-ಎ-ಎನ್-ಒ, ಸ್ಪೇಸ್, ಓರೆಗೆರೆ, ಇ-ಟಿ-ಸಿ, ಓರೆಗೆರೆ, ಡಿಫಾಲ್ಟ್, ಓರೆಗೆರೆ, ಗ್ರಬ್. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಅಕ್ಷರವೂ ಚುಕ್ಕಿಯೂ ಕಾಣದಿರಬಹುದು. ಕೀಬೋರ್ಡ್ ಕೆಟ್ಟಿಲ್ಲ, ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ತೆರೆದ ಮೇಲೆ 'ಗ್ರಬ್ ಸಿಎಂಡಿಲೈನ್ ಲಿನಕ್ಸ್ ಡಿಫಾಲ್ಟ್' ಅನ್ನುವ ದೊಡ್ಡಕ್ಷರದ ಸಾಲು ಹುಡುಕಿ. ಅದರ ಕೊಟೇಷನ್ ಗುರುತಿನ ಒಳಗೆ ಕ್ವಯಟ್, ಸ್ಪ್ಲಾಶ್, ನೋಮೋಡ್‌ಸೆಟ್ ಅಂತ ಇರುತ್ತದೆ. ಕೊನೆಯದನ್ನು ಮಾತ್ರ ಅಳಿಸಿ. ಕೊಟೇಷನ್ ಗುರುತು ಎರಡೂ ಉಳಿಯಬೇಕು. ಸೇವ್ ಮಾಡಿ ಹೊರಗೆ ಬರಲು ಕಂಟ್ರೋಲ್ ಒ, ಎಂಟರ್, ಕಂಟ್ರೋಲ್ ಎಕ್ಸ್. ಆಮೇಲೆ ಸುಡೊ, ಸ್ಪೇಸ್, ಅಪ್‌ಡೇಟ್ ಅಡ್ಡಗೆರೆ ಗ್ರಬ್ ಅಂತ ಕಮಾಂಡ್ ಕೊಡಿ. ಇದನ್ನು ಮರೆತರೆ ಫೈಲ್ ಬದಲಾದದ್ದು ಬೂಟ್‌ಗೆ ಮುಟ್ಟುವುದೇ ಇಲ್ಲ. ಆಮೇಲೆ ರೀಸ್ಟಾರ್ಟ್.

ಕಾರಟಗಿ ಹುಡುಗನದು ಇಲ್ಲಿಗೆ ಸರಿಹೋಯಿತು. ಡೆಸ್ಕ್‌ಟಾಪ್ ಬಂದ ಕೂಡಲೇ ಅವನು ಮೊದಲು ತೆಗೆದದ್ದು ಆ ಫೋಟೋನೇ.

ನೋಮೋಡ್‌ಸೆಟ್ ತೆಗೆದ ಮೇಲೆ ಸ್ಕ್ರೀನ್ ಪೂರ್ತಿ ಕಪ್ಪಾದರೆ ಮೊಬೈಲ್ ಟಾರ್ಚ್ ಹಚ್ಚಿ, ಸ್ಕ್ರೀನ್‌ಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಮಸುಕಾಗಿ ಡೆಸ್ಕ್‌ಟಾಪ್ ಕಂಡರೆ ಡ್ರೈವರ್ ಚೆನ್ನಾಗಿಯೇ ಓಡುತ್ತಿದೆ, ಹಿಂದಿನ ದೀಪ ಮಾತ್ರ ಹತ್ತಿಲ್ಲ. ಮೊದಲು ಬ್ರೈಟ್‌ನೆಸ್ ಕೀಲಿ ಒತ್ತಿ ನೋಡಿ. ಆಗದಿದ್ದರೆ ಅದೇ ಗ್ರಬ್ ಸಾಲಿನಲ್ಲಿ ನೋಮೋಡ್‌ಸೆಟ್ ಇದ್ದ ಜಾಗಕ್ಕೆ ಎ-ಸಿ-ಪಿ-ಐ, ಅಂಡರ್‌ಸ್ಕೋರ್, ಬ್ಯಾಕ್‌ಲೈಟ್, ಸಮ ಚಿಹ್ನೆ, ನೇಟಿವ್ ಅಂತ ಸ್ಪೇಸ್ ಇಲ್ಲದೆ ಬರೆದು ನೋಡಿ. ಇದನ್ನೂ ಮೊದಲು ಒಂದು ಬೂಟ್‌ಗೆ ಮಾತ್ರ ಮಾಡಿ.

ಎನ್‌ವಿಡಿಯಾ ಇದ್ದವರಿಗೆ

ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಲ್ಯಾಪ್‌ಟಾಪ್ ಮೇಲೆ ಎನ್‌ವಿಡಿಯಾ ಸ್ಟಿಕ್ಕರ್ ಇದ್ದರೆ ಎಲ್ಲರೂ ಮೊದಲು ಎನ್‌ವಿಡಿಯಾ ಡ್ರೈವರ್ ಹಾಕುತ್ತಾರೆ. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಸ್ಕ್ರೀನ್ ಜೋಡಿಸಿರುವುದು ಇಂಟೆಲ್ ಅಥವಾ ಎಎಂಡಿಗೆ. ಎನ್‌ವಿಡಿಯಾ ಹಿಂದೆ ನಿಂತು ಭಾರದ ಕೆಲಸ ಮಾಡಿಕೊಡುತ್ತದೆ ಅಷ್ಟೇ. ಮೇಲೆ ಹೇಳಿದ ಪಟ್ಟಿಯಲ್ಲಿ ಎನ್‌ವಿಡಿಯಾ ಮುಂದೆ 'ವಿಜಿಎ' ಅಂತ ಇಲ್ಲದೆ '3ಡಿ ಕಂಟ್ರೋಲರ್' ಅಂತ ಇದ್ದರೆ ಆ ಚಿಪ್‌ಗೆ ಸ್ಕ್ರೀನ್ ಜೋಡಿಸಿಲ್ಲ ಅಂತಲೇ ತಿಳಿಯಿರಿ. ಅಂಥದ್ದರಲ್ಲಿ ರೆಸಲ್ಯೂಷನ್ ತಪ್ಪಿದ್ದರೆ ಇಂಟೆಲ್ ಅಥವಾ ಎಎಂಡಿ ಕಡೆ ನೋಡಬೇಕು.

ಎನ್‌ವಿಡಿಯಾ ಒಂದೇ ಇದ್ದರೆ, ಅಥವಾ ಸ್ಕ್ರೀನ್ ಅದಕ್ಕೇ ಜೋಡಿಸಿದ್ದರೆ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. 'ರೆಕಮೆಂಡೆಡ್' ಅಂತ ಬರೆದಿರುವುದನ್ನೇ ಆರಿಸಿ. ಅದಕ್ಕೂ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಸಿಸ್ಟಮನ್ನು ಮೊದಲಿನ ಸ್ಥಿತಿಗೆ ತರಬಹುದು. ಉಬುಂಟುವಿನಲ್ಲಿ ಇದೇ ಕೆಲಸ 'ಅಡಿಷನಲ್ ಡ್ರೈವರ್ಸ್'ನಲ್ಲಿದೆ.

ಡ್ರೈವರ್ ಫೈಲನ್ನು ನೆಟ್‌ನಿಂದ ಇಳಿಸಿ ಕೈಯಿಂದ ಹಾಕಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಲ ಅಂಗಡಿಯ ಕಂಪ್ಯೂಟರ್‌ಗೆ ನಾನೇ ಹಾಗೆ ಹಾಕಿದ್ದೆ. ಎರಡು ತಿಂಗಳು ಚೆನ್ನಾಗಿತ್ತು. ಒಂದು ದಿನ ಕರ್ನಲ್ ಅಪ್‌ಡೇಟ್ ಬಂತು. ಮರುದಿನ ಬೆಳಗ್ಗೆ ಅಂಗಡಿ ಮುಂದೆ ಅಡ್ಮಿಷನ್ ಅರ್ಜಿ ಹಿಡಿದು ಹದಿನೈದು ಜನ ನಿಂತಿದ್ದರು, ಸ್ಕ್ರೀನ್ ಮೇಲೆ ಬರೀ ಮಿನುಗುವ ಒಂದು ಗೆರೆ. ಕೈಯಿಂದ ಹಾಕಿದ ಡ್ರೈವರ್ ಹಳೇ ಕರ್ನಲ್‌ಗೆ ಮಾತ್ರ ಜೋಡಣೆಯಾಗಿತ್ತು. ಡ್ರೈವರ್ ಮ್ಯಾನೇಜರ್‌ನಿಂದ ಹಾಕಿದ್ದರೆ ಕರ್ನಲ್ ಜೊತೆ ಅದೂ ಅಪ್‌ಡೇಟ್ ಆಗುತ್ತಿತ್ತು. ಅವತ್ತು ಬಂದವರಲ್ಲಿ ಕುಷ್ಟಗಿ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಮಧ್ಯಾಹ್ನದವರೆಗೂ ಕೂತಿದ್ದರು. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ.

ಇನ್ನು ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್‌ನಲ್ಲಿ ಓಡದಂತೆ ತಡೆಯುವ ಕಾವಲು. ಇದು ಆನ್ ಇದ್ದರೆ ಎನ್‌ವಿಡಿಯಾ ಡ್ರೈವರ್ ಹಾಕುವಾಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ಸುಲಭದ್ದು ಇಡಿ, ಚೀಟಿಯಲ್ಲಿ ಬರೆದುಕೊಳ್ಳಿ. ಅದು ಒಂದೇ ಸಲ ಬೇಕಾಗುವುದು. ರೀಸ್ಟಾರ್ಟ್ ಮಾಡಿದಾಗ ನೀಲಿ ಸ್ಕ್ರೀನ್ ಬರುತ್ತದೆ, 10 ಸೆಕೆಂಡ್ ಎಣಿಸುತ್ತದೆ. ಅಷ್ಟರೊಳಗೆ ಯಾವುದಾದರೂ ಕೀಲಿ ಒತ್ತಬೇಕು. ಆಮೇಲೆ ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ನೀವಿಟ್ಟ ಪಾಸ್‌ವರ್ಡ್, ರೀಬೂಟ್. ರೀಸ್ಟಾರ್ಟ್ ಒತ್ತಿ ಚಾ ಕುಡಿಯಲು ಎದ್ದು ಹೋದರೆ ಈ ಹತ್ತು ಸೆಕೆಂಡ್ ಕಳೆದು, ಡ್ರೈವರ್ ಇದ್ದೂ ಓಡುವುದಿಲ್ಲ. ಸ್ಕ್ರೀನ್ ಮತ್ತೆ 1024×768. ಹಾಗಾದರೆ ಸುಡೊ, ಸ್ಪೇಸ್, ಎಂ-ಒ-ಕೆ-ಯು-ಟಿ-ಐ-ಎಲ್, ಸ್ಪೇಸ್, ಎರಡು ಅಡ್ಡಗೆರೆ, ಇಂಪೋರ್ಟ್, ಸ್ಪೇಸ್ ಅಂತ ಹೊಡೆದು, ಓರೆಗೆರೆ ವಿ-ಎ-ಆರ್, ಓರೆಗೆರೆ ಎಲ್-ಐ-ಬಿ, ಓರೆಗೆರೆ ಶಿಮ್ ಅಡ್ಡಗೆರೆ ಸೈನ್ಡ್, ಓರೆಗೆರೆ ಎಂ-ಒ-ಕೆ, ಓರೆಗೆರೆ ದೊಡ್ಡಕ್ಷರದ ಎಂ-ಒ-ಕೆ, ಚುಕ್ಕಿ, ಸಣ್ಣಕ್ಷರದ ಡಿ-ಇ-ಆರ್ ಅಂತ ಕೊಡಿ. ಇದು ಮಿಂಟ್, ಉಬುಂಟುವಿನ ದಾರಿ. ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್‌ನಲ್ಲಿ ನೀಲಿ ಸ್ಕ್ರೀನ್ ಮತ್ತೆ ಬರುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡುವುದು ಇನ್ನೊಂದು ದಾರಿ. ಆದರೆ ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಂಡು, ಅದರ ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ಬೀಗ ಹಾಕಿದ್ದರೆ, ಅದು ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಹತ್ತಿರ ಇದೆ ಅಂತ ಖಾತ್ರಿ ಮಾಡಿಕೊಳ್ಳದೆ ಬಯಾಸ್‌ಗೆ ಕೈ ಹಾಕಬೇಡಿ.

ತುಂಬಾ ಹಳೇ ಎನ್‌ವಿಡಿಯಾ, ಅಂದರೆ 400, 500 ಸರಣಿ ಇದ್ದವರು ನೋವೋದಲ್ಲೇ ಇರಿ. ಅವಕ್ಕೆ ಕಂಪನಿಯ 390 ಡ್ರೈವರ್ ಬೇಕು, ಅದರ ಬೆಂಬಲ ನಿಂತಿದೆ. ಡಿಟಿಪಿಗೂ ಓದಿಗೂ ನೋವೋ ಸಾಕು. ಇನ್ನು ಇಂಟೆಲ್ ಜಿಎಂಎ 500, 3600 ಇರುವ ಹಳೇ ನೆಟ್‌ಬುಕ್‌ಗಳು. ಹೆಸರು ಇಂಟೆಲ್ ಆದರೂ ಒಳಗಿರುವುದು ಪವರ್‌ವಿಆರ್ ಚಿಪ್. ಅದರಲ್ಲಿ ವೇಗ ನಿರೀಕ್ಷಿಸಬೇಡಿ.

ಇದರ ಉಲ್ಟಾ ತೊಂದರೆ ಹೊಸ ಲ್ಯಾಪ್‌ಟಾಪ್‌ನದು. ಲ್ಯಾಪ್‌ಟಾಪ್ ಈ ವರ್ಷದ್ದು, ಪೆನ್‌ಡ್ರೈವ್‌ನ ಲಿನಕ್ಸ್ ಮೂರು ವರ್ಷದ ಹಿಂದಿನದು. ಆ ಕರ್ನಲ್‌ಗೆ ಈ ಚಿಪ್ಪಿನ ಪರಿಚಯವೇ ಇರುವುದಿಲ್ಲ. ಪಟ್ಟಿಯಲ್ಲಿ 'ಇನ್ ಯೂಸ್' ಸಾಲೂ ಇಲ್ಲ, 'ಮಾಡ್ಯೂಲ್ಸ್' ಸಾಲೂ ಇಲ್ಲ ಅಂದರೆ ಇದೇ ಕಾರಣ ಇರಬಹುದು. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುವಿನ 'ಲಿನಕ್ಸ್ ಕರ್ನಲ್ಸ್'ಗೆ ಹೋಗಿ ಹೊಸ ಕರ್ನಲ್ ಹಾಕಿ. ಡೆಬಿಯನ್‌ನವರು ಹಳೇ ಪೆನ್‌ಡ್ರೈವ್ ಬಿಟ್ಟು ಹೊಸದನ್ನು ತಯಾರಿಸಿಕೊಳ್ಳಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ಗ್ರಾಫಿಕ್ಸ್‌ಗೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರ್ ಒಳಗೇ ಬರುತ್ತದೆ. ಕರ್ನಲ್ ಅಪ್‌ಡೇಟ್ ಮಾಡುವಾಗ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ. ನಡುವೆ ಕರೆಂಟ್ ಹೋದರೆ ಕೆಲಸ ದೊಡ್ಡದಾಗುತ್ತದೆ.

ಬಲವಂತ ಮಾಡಬೇಕಾದ ಒಂದು ಜಾಗ

ಅಳತೆಯನ್ನು ಕೈಯಿಂದ ಸೇರಿಸುವ ಕಮಾಂಡ್ ಬೇಡ ಅಂದೆನಲ್ಲ, ಅದು ಬೇಕಾಗುವ ಸಂದರ್ಭವೂ ಇದೆ. ಡ್ರೈವರ್ ಸರಿ ಇದೆ, ಲ್ಯಾಪ್‌ಟಾಪ್ ಸ್ಕ್ರೀನ್ ಸರಿ ಇದೆ, ಹೊರಗೆ ಜೋಡಿಸಿದ ಮಾನಿಟರ್ ಅಥವಾ ಪ್ರೊಜೆಕ್ಟರ್ ಮಾತ್ರ 1024×768ರಲ್ಲಿ ನಿಂತಿದೆ ಅಂದಾಗ.

ಕನಕಗಿರಿ ಹತ್ತಿರದ ಒಂದು ಹೈಸ್ಕೂಲಿನ ಮೇಷ್ಟ್ರು ಹೀಗೆ ಲ್ಯಾಪ್‌ಟಾಪ್, ಕೇಬಲ್ ಎರಡೂ ತಂದಿದ್ದರು. ಶಾಲೆಯ ಮಾನಿಟರ್ 1920×1080ರದು. ನಾನು ಮೊದಲು ಕೇಬಲ್ ಕೈಗೆ ತೆಗೆದುಕೊಂಡೆ. ವಿಜಿಎ ಪ್ಲಗ್ಗನ್ನು ಅಗಲದ ಬದಿ ಮೇಲೆ ಬರುವ ಹಾಗೆ ನಿಮ್ಮ ಕಡೆ ಹಿಡಿಯಿರಿ. ಸಾಲಿಗೆ ಐದರಂತೆ ಮೂರು ಸಾಲು ಸೂಜಿ ಇರುತ್ತವೆ. ನಡುವಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯದು, ಅಂದರೆ 9ನೆಯ ಸೂಜಿ, ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ. ಅದರಿಂದ ತೊಂದರೆ ಇಲ್ಲ. ಆದರೆ ಕೆಳಗಿನ ಸಾಲಿನ ಎರಡನೆಯದು ಮತ್ತು ಐದನೆಯದು, ಅಂದರೆ 12 ಮತ್ತು 15, ಇರಲೇಬೇಕು. ಮಾನಿಟರ್‌ನ ಅಳತೆಯ ಚೀಟಿ ಲ್ಯಾಪ್‌ಟಾಪ್‌ಗೆ ಬರುವುದು ಆ ಎರಡು ಸೂಜಿಯಿಂದ. ಮೇಷ್ಟ್ರ ಕೇಬಲ್‌ನಲ್ಲಿ 12ನೆಯದು ಮುರಿದು ಒಳಗೆ ಹೋಗಿತ್ತು. ಬಣ್ಣ ಬರುತ್ತಿತ್ತು, ಚಿತ್ರ ಬರುತ್ತಿತ್ತು, ಅಳತೆ ಮಾತ್ರ ಬರುತ್ತಿರಲಿಲ್ಲ. ಹೊಸ ಕೇಬಲ್ ಹಾಕಿದೆ, ಒಂದೂ ಕಮಾಂಡ್ ಇಲ್ಲದೆ 1920×1080 ಬಂತು.

ಕೇಬಲ್ ಕೂಡಲೇ ಸಿಗುವುದಿಲ್ಲ, ನಾಳೆ ಬೆಳಗ್ಗೆ ಪಾಠ ಇದೆ ಅಂದರೆ ಹೀಗೆ ಮಾಡಿ. ಎಕ್ಸ್-ಆರ್-ಎ-ಎನ್-ಡಿ-ಆರ್ ಅಂತ ಹೊಡೆಯಿರಿ. ಜೋಡಿಸಿದ ಸ್ಕ್ರೀನ್‌ಗಳ ಹೆಸರು ಬರುತ್ತವೆ: ಇಡಿಪಿ-1 ಅಂದರೆ ಲ್ಯಾಪ್‌ಟಾಪ್‌ನದು, ಹಳೆಯದಾದರೆ ಎಲ್‌ವಿಡಿಎಸ್-1, ಹೊರಗಿನದು ವಿಜಿಎ-1 ಅಥವಾ ಎಚ್‌ಡಿಎಂಐ-1. ಹೆಸರಿನ ಜಾಗದಲ್ಲಿ 'ಡಿಫಾಲ್ಟ್' ಅಂತ ಇದ್ದು, ಮೇಲೆ ಗಾಮಾ ಸಿಗಲಿಲ್ಲ ಅನ್ನುವ ಸಾಲು ಬಂದರೆ ನಿಲ್ಲಿಸಿ. ಡ್ರೈವರ್ ಓಡುತ್ತಿಲ್ಲ, ಇಲ್ಲಿ ಎಷ್ಟು ಕಮಾಂಡ್ ಹೊಡೆದರೂ ಪ್ರಯೋಜನ ಇಲ್ಲ, ಹಿಂದಕ್ಕೆ ಹೋಗಿ. ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ವಿಂಡೋಗಳನ್ನು ತೋರಿಸಲು ಎಕ್ಸ್‌ಆರ್ಗ್, ವೇಲ್ಯಾಂಡ್ ಅಂತ ಎರಡು ವ್ಯವಸ್ಥೆ ಇವೆ. 'ಎಕ್ಸ್‌ವೇಲ್ಯಾಂಡ್' ಅಂತ ಇದ್ದರೆ ನೀವು ವೇಲ್ಯಾಂಡ್‌ನಲ್ಲಿದ್ದೀರಿ. ಈ ವಿಧಾನ ಅಲ್ಲಿ ನಡೆಯುವುದಿಲ್ಲ. ಲಾಗಿನ್ ಸ್ಕ್ರೀನ್‌ನಲ್ಲಿ ಎಕ್ಸ್‌ಆರ್ಗ್ ಆಯ್ಕೆ ಇದ್ದರೆ ಅದರಿಂದ ಒಳಗೆ ಬನ್ನಿ. ಮಿಂಟ್ ಸಿನಮನ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಎಕ್ಸ್‌ಆರ್ಗ್ ಇರುತ್ತದೆ.

ಮುಂದೆ ಸಿ-ವಿ-ಟಿ, ಸ್ಪೇಸ್, 1920, ಸ್ಪೇಸ್, 1080, ಸ್ಪೇಸ್, 60. ಇದು 'ಮೋಡ್‌ಲೈನ್' ಅಂತ ಒಂದು ಸಾಲು ಕೊಡುತ್ತದೆ. ಅದರಲ್ಲಿ ಮೊದಲು ಒಂದು ಹೆಸರು, ಆಮೇಲೆ 173.00, 1920, 2048, 2248, 2576 ಹೀಗೆ ಸಂಖ್ಯೆಗಳು ಇರುತ್ತವೆ. ಮೋಡ್‌ಲೈನ್ ಅನ್ನುವ ಪದ ಬಿಟ್ಟು ಉಳಿದದ್ದನ್ನೆಲ್ಲ ಕಾಪಿ ಮಾಡಿ. ಕೈಯಿಂದ ಟೈಪ್ ಮಾಡಬೇಡಿ, ಒಂದು ಅಂಕಿ ತಪ್ಪಿದರೂ ಚಿತ್ರ ಬರುವುದಿಲ್ಲ. ಈಗ ಮೂರು ಕಮಾಂಡ್. ಮೂರೂ ಎಕ್ಸ್-ಆರ್-ಎ-ಎನ್-ಡಿ-ಆರ್ ಅಂತಲೇ ಶುರು. ಮೊದಲನೆಯದಕ್ಕೆ ಎರಡು ಅಡ್ಡಗೆರೆ, ನ್ಯೂಮೋಡ್, ಸ್ಪೇಸ್, ಕಾಪಿ ಮಾಡಿದ್ದು. ಎರಡನೆಯದಕ್ಕೆ ಎರಡು ಅಡ್ಡಗೆರೆ, ಆಡ್‌ಮೋಡ್, ಸ್ಪೇಸ್, ಸ್ಕ್ರೀನ್‌ನ ಹೆಸರು, ಸ್ಪೇಸ್, ಆ ಸಾಲಿನ ಮೊದಲಿಗಿದ್ದ ಹೆಸರು. ಮೂರನೆಯದಕ್ಕೆ ಎರಡು ಅಡ್ಡಗೆರೆ, ಔಟ್‌ಪುಟ್, ಸ್ಪೇಸ್, ಸ್ಕ್ರೀನ್‌ನ ಹೆಸರು, ಸ್ಪೇಸ್, ಎರಡು ಅಡ್ಡಗೆರೆ, ಮೋಡ್, ಸ್ಪೇಸ್, ಮತ್ತೆ ಅದೇ ಹೆಸರು. ಸ್ಕ್ರೀನ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು.

ರೀಸ್ಟಾರ್ಟ್ ಮಾಡಿದರೆ ಇದೆಲ್ಲ ಹೋಗುತ್ತದೆ. ದಿನಾ ಬೇಕಾದರೆ ಮೂರೂ ಸಾಲನ್ನು ಒಂದು ಸ್ಕ್ರಿಪ್ಟ್ ಫೈಲ್‌ನಲ್ಲಿ ಹಾಕಿ, ಅದಕ್ಕೆ ಓಡುವ ಅನುಮತಿ ಕೊಟ್ಟು, ಮಿಂಟ್‌ನ ಸ್ಟಾರ್ಟಪ್ ಅಪ್ಲಿಕೇಷನ್ಸ್‌ಗೆ ಸೇರಿಸಿ. ಅಲ್ಲಿ 'ಡಿಲೇ' ಅನ್ನುವ ಕಡೆ 5 ಸೆಕೆಂಡ್ ಕೊಡಿ. ಅಂದಹಾಗೆ 1366 ಕೇಳಿದರೆ ಈ ಸಿ-ವಿ-ಟಿ ಕಮಾಂಡ್ 1368 ಅಂತ ಉತ್ತರ ಕೊಡುತ್ತದೆ. ಅದರ ಲೆಕ್ಕ ಎಂಟೆಂಟರ ಗುಂಪಿನಲ್ಲಿ, 1366 ಎಂಟರಿಂದ ಭಾಗವಾಗುವುದಿಲ್ಲ. ನಿಮ್ಮ ತಪ್ಪಲ್ಲ ಅದು.

ಅಕ್ಷರ ಸಣ್ಣದಾಗಿದ್ದರೆ ರೆಸಲ್ಯೂಷನ್ ಇಳಿಸಬೇಡಿ

ಆನೆಗೊಂದಿಯ ನಿವೃತ್ತ ಮೇಷ್ಟ್ರು ಒಬ್ಬರಿಗೆ ಮೊಮ್ಮಗಳು 14 ಇಂಚಿನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಟ್ಟಿದ್ದಳು. ಸ್ಕ್ರೀನ್ 1920×1080, ಸರಿಯಾಗಿಯೇ ಇತ್ತು. ಆದರೆ ಅಷ್ಟು ಚಿಕ್ಕ ಸ್ಕ್ರೀನ್‌ನಲ್ಲಿ ಅಕ್ಷರ ಸಾಸಿವೆ ಕಾಳಿನ ಹಾಗೆ. ಅವರು ತಾವೇ ಹುಡುಕಿ ರೆಸಲ್ಯೂಷನ್ 1280×720ಕ್ಕೆ ಇಳಿಸಿಕೊಂಡಿದ್ದರು. ಅಕ್ಷರ ದೊಡ್ಡದಾಯಿತು, ಒತ್ತು ಮಾತ್ರ ಕಲಸಿಹೋಯಿತು. ಕನ್ನಡ ಪತ್ರಿಕೆ ಓದಿದರೆ ತಲೆನೋವು ಬರುತ್ತೆ ಅಂದರು. ಕನ್ನಡಕ ಬದಲಿಸಬೇಕೇನೋ ಅಂತ ಕೊಪ್ಪಳಕ್ಕೆ ಹೋಗಲು ಹೊರಟಿದ್ದರು.

ರೆಸಲ್ಯೂಷನ್ ವಾಪಸ್ 1920×1080ಕ್ಕೆ ತಂದೆ. ಮೆನುವಿನಲ್ಲಿ ಫಾಂಟ್ ಸೆಲೆಕ್ಷನ್ ತೆರೆದು, ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್ 1.0 ಇದ್ದದ್ದನ್ನು 1.3 ಮಾಡಿದೆ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಇರುವ ಉಬುಂಟು, ಡೆಬಿಯನ್‌ನಲ್ಲಿ ಆಕ್ಸೆಸಿಬಿಲಿಟಿಯ 'ಲಾರ್ಜ್ ಟೆಕ್ಸ್ಟ್' ಆನ್ ಮಾಡಿದರೆ ಹೀಗೇ ಆಗುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಚುಕ್ಕಿಗಳು ಸ್ವಂತ ಅಳತೆಯಲ್ಲೇ ಉಳಿಯುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 125, 150 ಪರ್ಸೆಂಟ್ ಸ್ಕೇಲ್ ಕೂಡ ಇದೆ. ಕಣ್ಣಿಗೆ ಐಕಾನ್, ಬಟನ್ ಎಲ್ಲವೂ ದೊಡ್ಡದು ಬೇಕು ಅನ್ನುವವರು ಅದನ್ನು ಬಳಸಿ. ಆದರೆ ಎಕ್ಸ್‌ಆರ್ಗ್‌ನಲ್ಲಿ ಅದರಿಂದ ಸ್ವಲ್ಪ ಮಸುಕು ಬರಬಹುದು, ಹಳೇ ಯಂತ್ರಕ್ಕೆ ಭಾರವೂ ಜಾಸ್ತಿ. ಓದುವುದು ಬರೆಯುವುದು ಅಷ್ಟೇ ಕೆಲಸ ಆದರೆ ಬರೀ ಅಕ್ಷರ ದೊಡ್ಡದು ಮಾಡುವುದೇ ಮೇಲು.

ಮೇಷ್ಟ್ರಿಗೆ ಎಡಿಟರ್ ತೆಗೆದು 'ರಾಷ್ಟ್ರ' ಬರೆದು ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಸ್ಕ್ರೀನ್‌ಗೆ ಬೆರಳು ತಾಗಿಸಿ, "ಟ ಒತ್ತು, ರ ಒತ್ತು, ಎರಡೂ ಬ್ಯಾರೆ ಬ್ಯಾರೆ ಕಾಣಾಕತ್ಯಾವ ನೋಡವಾ" ಅಂದರು. ಆಮೇಲೆ ತಾವೇ ಕೀಬೋರ್ಡ್ ಎಳೆದುಕೊಂಡು 'ಸ್ವಾತಂತ್ರ್ಯ' ಅಂತ ಬರೆದು, ಕೊನೆಯ ಅಕ್ಷರದ ಒತ್ತನ್ನು ತುಂಬಾ ಹೊತ್ತು ನೋಡುತ್ತಾ ಕೂತರು.